ಗಂಡು ಗಿಡ ಅಂತ ಕಡಿಯಲು ಹೊರಟಿದ್ದ ಹನುಮಫಲ

"ಇದು ಗಂಡು ಗಿಡ ಅದ ನೋಡು. ಎಷ್ಟ ವರ್ಷ ಕಾದ್ರೂ ಕಾಯಿ ಹಿಡಿಯಂಗಿಲ್ಲ. ಕಡಿದು ಒಂದು ಕರಿಬೇವು ಹಚ್ಚು."

ಪಕ್ಕದ ಮನೆಯ ಕಾಕಾ ಹೀಗೆ ಹೇಳಿದಾಗ ನಮ್ಮ ಅಂಗಳದ ಹನುಮಫಲಕ್ಕೆ ಐದು ವರ್ಷ. ಎರಡು ವರ್ಷದಿಂದ ಹೂ ಬಿಡುತ್ತಿತ್ತು. ಒಂದೂ ಕಾಯಿ ಆಗಿರಲಿಲ್ಲ. ಬೆಳಿಗ್ಗೆ ಫರಸಿ ಗುಡಿಸುವಾಗ ಅವ್ವ ಉದುರಿದ ದಪ್ಪ ಎಸಳುಗಳನ್ನು ಬುಟ್ಟಿಗೆ ತುಂಬುತ್ತಿದ್ದಳು. ಏನೂ ಮಾತಾಡುತ್ತಿರಲಿಲ್ಲ. ಕೊಡಲಿಯ ಮಾತು ಮನೆಯಲ್ಲಿ ಎರಡು ಸಲ ಬಂದು ಹೋಗಿತ್ತು.

ಆ ಗಿಡ ಈಗ ಕಾಯಿ ಬಿಡುತ್ತಿದೆ. ನಡುವೆ ನಾವು ಏನು ತಪ್ಪು ಮಾಡಿದೆವು, ಏನು ಸರಿ ಮಾಡಿದೆವು ಅನ್ನುವುದನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಕಲಬುರಗಿಯಲ್ಲಿ ನನಗೆ ಗೊತ್ತಿರುವ ನಾಲ್ಕೈದು ಮನೆಗಳಲ್ಲೇ ಈ ಗಿಡ ಇದೆ. ಎಲ್ಲರದೂ ಒಂದೇ ದೂರು: ಹೂವಿದೆ, ಹಣ್ಣಿಲ್ಲ. ಹಣ್ಣಾದವರ ಮನೆಯಲ್ಲಿ ಇನ್ನೊಂದು ತಾಪತ್ರಯ. ಅದನ್ನು ಆಮೇಲೆ ಹೇಳುತ್ತೇನೆ.

ಗಿಡ ಬಂದ ಬಗೆ

ಮೊದಲು ಹೆಸರು. ಸೀತಾಫಲ ನಮ್ಮ ಕಡೆ ಎಲ್ಲರಿಗೂ ಗೊತ್ತು. ಬೀದರ್ ಕಡೆಯ ಗುಡ್ಡಗಳಲ್ಲಿ ತಾನಾಗಿಯೇ ಬೆಳೆಯುತ್ತದೆ. ರಾಮಫಲವೂ ಗೊತ್ತು. ಮೈತುಂಬ ಮೆತ್ತನೆಯ ಮುಳ್ಳಿರುವ, ಹಸಿರು, ದೊಡ್ಡ ಹಣ್ಣನ್ನು ಕೆಲವರು ಹನುಮಫಲ ಅಂತಾರೆ, ಕೆಲವರು ಲಕ್ಷ್ಮಣಫಲ, ಮತ್ತೆ ಕೆಲವರು ಮುಳ್ಳು ರಾಮಫಲ. ನರ್ಸರಿಯಲ್ಲಿ ಈ ಹೆಸರುಗಳು ಅದಲುಬದಲಾಗುತ್ತವೆ. ಇನ್ನೊಂದು ಜಾತಿಗೂ ಹನುಮಫಲ ಅನ್ನುವವರಿದ್ದಾರೆ. ಹಾಗಾಗಿ ಹೆಸರು ನಂಬಬೇಡಿ, ಎಲೆ ನೋಡಿ. ನಾನು ಹೇಳುತ್ತಿರುವ ಗಿಡದ ಎಲೆ ಕಡು ಹಸಿರು, ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಹಿಸುಕಿದರೆ ಘಾಟು ವಾಸನೆ. ಸೀತಾಫಲದ ಹಾಗೆ ಪೂರ್ತಿ ಎಲೆ ಉದುರಿಸಿ ಬೋಳಾಗುವುದಿಲ್ಲ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅನೋನ ಮ್ಯೂರಿಕೇಟ. ಮೂಲ ಅಮೆರಿಕ ಖಂಡದ ಉಷ್ಣವಲಯ. ಅಲ್ಲಿ ಸ್ಪ್ಯಾನಿಶ್ ಮಾತಾಡುವವರು ಗ್ವನಾಬನ ಅಂತಾರೆ.

ನಮ್ಮ ಗಿಡ ನರ್ಸರಿಯದಲ್ಲ. ಅವ್ವನ ತಂಗಿ, ನಮ್ಮ ಸಣ್ಣವ್ವನಿಗೆ ಕ್ಯಾನ್ಸರ್ ಆಗಿತ್ತು. ದವಾಖಾನೆಯ ಚಿಕಿತ್ಸೆ ನಡೆದಿತ್ತು. ಆಗ ಯಾರದೋ ಮೊಬೈಲಿನಿಂದ ಒಂದು ಸುದ್ದಿ ಬಂತು. ಈ ಹಣ್ಣು ಕಿಮೋಗಿಂತ ಹತ್ತು ಸಾವಿರ ಪಟ್ಟು ಬಲವಾದದ್ದು ಅಂತ. ಅವಳ ಮಗ ಹೈದರಾಬಾದಿಗೆ ಹೋಗಿ, ಕೇಳಿದಷ್ಟು ದುಡ್ಡು ಕೊಟ್ಟು ಒಂದೇ ಒಂದು ಹಣ್ಣು ತಂದ. ಸಣ್ಣವ್ವನಿಗೆ ಆಗ ಅನ್ನ ಸೇರುತ್ತಿರಲಿಲ್ಲ, ನೀರೂ ಕಹಿ ಅನ್ನುತ್ತಿದ್ದಳು. ಆ ಹಣ್ಣಿನ ತಿರುಳು ಎರಡು ಚಮಚ ತಿಂದು, "ಬಾಯಿಗೆ ರುಚಿ ಹತ್ತಿತು ನೋಡಕ್ಕಾ" ಅಂದಳು. ಆರು ತಿಂಗಳಿಗೆ ಹೋಗಿಬಿಟ್ಟಳು. ಬೀಜಗಳನ್ನು ಅವ್ವ ತೊಳೆದು ಸೆರಗಿನಲ್ಲಿ ಕಟ್ಟಿಕೊಂಡು ಬಂದಿದ್ದಳು. ಹನ್ನೊಂದು ಬೀಜ ಊರಿದಳು. ಮೂರು ವಾರ ಏನೂ ಇಲ್ಲ. ನಾಲ್ಕನೇ ವಾರ ನಾಲ್ಕು ಮೊಳಕೆ. ಅದರಲ್ಲಿ ಒಂದು ಉಳಿಯಿತು.

ಈ ಗಿಡ ಕಡಿಯುವುದು ನಮಗೆ ಸುಮ್ನೆ ಒಂದು ಗಿಡ ಕಡಿಯುವ ಮಾತಾಗಿರಲಿಲ್ಲ.

ಮೊದಲ ಮೂರು ವರ್ಷ

ಹನುಮಫಲಕ್ಕೆ ಬೇಕಾದದ್ದು ಸದಾ ಸ್ವಲ್ಪ ತೇವ, ಗಾಳಿಯಲ್ಲಿ ಪಸೆ, ಕೊಂಚ ಹುಳಿ ಗುಣದ, ನೀರು ಬಸಿಯುವ ಮಣ್ಣು. ಕಲಬುರಗಿಯಲ್ಲಿ ಇರುವುದು ಇದರ ತದ್ವಿರುದ್ಧ. ಮೇ ತಿಂಗಳಲ್ಲಿ 42 ಡಿಗ್ರಿ ನಮಗೆ ಸಾಮಾನ್ಯ. ಎರೆಮಣ್ಣು ಮಳೆಗಾಲದಲ್ಲಿ ನೀರು ಹಿಡಿದು ನಿಲ್ಲುತ್ತದೆ, ಬೇಸಿಗೆಯಲ್ಲಿ ಬಿರಿಯುತ್ತದೆ. ಅದರ ಮೇಲೆ ನಮ್ಮದು ಶಹಾಬಾದ್ ಕಲ್ಲಿನ ಮನೆ. ಅದು ಸುಣ್ಣದ ಕಲ್ಲು. ಮನೆ ಕಟ್ಟಿದಾಗ ಉಳಿದ ಚೂರೆಲ್ಲ ಅಂಗಳದಲ್ಲೇ ಹೂತಿದೆ. ಬೋರಿನ ನೀರು ಎಷ್ಟು ಗಡಸು ಅಂದ್ರೆ, ನೀರು ಕಾಯಿಸುವ ಹಂಡೆಯ ಒಳಗೆ ಬಿಳಿ ಪೊರೆ ಕಟ್ಟುತ್ತದೆ.

ಗಿಡ ಎರಡನೇ ವರ್ಷಕ್ಕೆ ಹಳದಿ ಆಯಿತು. ಹಳೆಯ ಎಲೆ ಹಸಿರಾಗಿಯೇ ಇತ್ತು, ಹೊಸ ಚಿಗುರು ಮಾತ್ರ ಹಳದಿ. ನರ ಹಸಿರು, ನಡುವಿನ ಭಾಗ ನಿಂಬೆ ಬಣ್ಣ. ಗೊಬ್ಬರ ಕಮ್ಮಿಯಾಗಿದೆ ಅಂತ ನಾನು ಯೂರಿಯಾ ಹಾಕಿದೆ. ಅದು ನನ್ನ ಮೊದಲ ತಪ್ಪು. ಸಾರಜನಕ ಕಮ್ಮಿಯಾದರೆ ಮೊದಲು ಹಳದಿಯಾಗುವುದು ಹಳೆಯ ಎಲೆ. ಹೊಸ ಎಲೆ ಹಳದಿಯಾಗಿ ನರ ಹಸಿರಾಗಿ ಉಳಿದರೆ ಅದು ಹೆಚ್ಚಾಗಿ ಕಬ್ಬಿಣದ ಕೊರತೆ. ಮಣ್ಣಿನಲ್ಲಿ ಕಬ್ಬಿಣ ಇಲ್ಲ ಅಂತಲ್ಲ. ಸುಣ್ಣ ಜಾಸ್ತಿ ಇದ್ದಾಗ ಅದು ಬೇರಿಗೆ ದಕ್ಕುವುದಿಲ್ಲ.

ಕೃಷಿ ಓದಿದ ಗೆಳೆಯನೊಬ್ಬ ಬಂದು ಎಲೆ ನೋಡಿದ. ಇಡಿಡಿಎಚ್ಎ ಬಗೆಯ ಐರನ್ ಚೀಲೇಟ್ (ಬೇರಿಗೆ ದಕ್ಕುವ ರೂಪದಲ್ಲಿರುವ ಕಬ್ಬಿಣದ ಪುಡಿ) ತಂದು ನೀರಿನಲ್ಲಿ ಕಲಸಿ ಬುಡಕ್ಕೆ ಹಾಕಲು ಹೇಳಿದ. ಅಗ್ಗಕ್ಕೆ ಸಿಗುವ ಇಡಿಟಿಎ ಬಗೆಯದು ಸುಣ್ಣದ ಮಣ್ಣಿನಲ್ಲಿ ನಿಲ್ಲುವುದಿಲ್ಲ ಅಂದ. ಜೊತೆಗೆ ಬುಡದ ಸುತ್ತ ಮಣ್ಣು ತೆಗೆಸಿ ಬೀದರ್ ಕಡೆಯ ಕೆಂಪು ಮಣ್ಣು, ಹಳೆಯ ಸಗಣಿ ಗೊಬ್ಬರ ತುಂಬಿಸಿದ. ನೆಲಕ್ಕಿಂತ ಒಂದು ಗೇಣು ಎತ್ತರ ದಿಬ್ಬ ಮಾಡಿದೆವು. ಮಾಳಿಗೆಯ ಮಳೆನೀರನ್ನು ಎರಡು ಡ್ರಮ್ಮಿಗೆ ತಿರುಗಿಸಿದೆವು. ಚಿಗುರು ಹಸಿರಾಗಲು ಒಂದೂವರೆ ತಿಂಗಳು ಹಿಡಿಯಿತು.

ಅದೇ ಗೆಳೆಯ ಇನ್ನೊಂದು ಮಾತು ಹೇಳಿದ. ಬರ ತಡೆಯಲಿ ಅಂತ ಕೆಲವರು ಹನುಮಫಲವನ್ನು ಸೀತಾಫಲದ ಬುಡಕ್ಕೆ ಕಸಿ ಕಟ್ಟುತ್ತಾರೆ. ಹತ್ತಿಕೊಂಡಂತೆ ಕಂಡರೂ ಆ ಕಸಿ ಹೆಚ್ಚು ದಿನ ಬಾಳುವುದಿಲ್ಲ. ರಾಮಫಲದ ಬುಡ ಒಗ್ಗುತ್ತದೆ. ಮತ್ತೊಂದು ಗಿಡ ಮಾಡುವುದಾದರೆ ನಾನು ರಾಮಫಲದ ಮೇಲೆಯೇ ಕಟ್ಟಿಸುತ್ತೇನೆ.

ಈ ಗಿಡದ ಬೇರು ಬಹಳ ಮೇಲೆಯೇ ಹರಡುತ್ತದೆ. ಅದಕ್ಕೆ ಬಿಸಿ ತಾಗಬಾರದು. ನಾವು ದಾಲ್ ಮಿಲ್ಲಿನಿಂದ ಎರಡು ಚೀಲ ತೊಗರಿ ಹೊಟ್ಟು ತಂದು ಬುಡದ ಸುತ್ತ ಮುಚ್ಚಿದೆವು. ಕಾಂಡಕ್ಕೆ ತಾಗದಂತೆ ನಾಲ್ಕು ಬೆರಳು ಬಿಟ್ಟು. ಏಪ್ರಿಲ್, ಮೇನಲ್ಲಿ ನಡುಹಗಲಿನ ಬಿಸಿಲಿಗೆ ಅವ್ವನ ಹಳೆಯ ಹತ್ತಿ ಸೀರೆ ಅಡ್ಡ ಕಟ್ಟಿದೆವು. ಗಿಡ ಮನೆಯ ಮೂಡಣ ಗೋಡೆಗೆ ಇದ್ದದ್ದು ದೊಡ್ಡ ಅನುಕೂಲ ಆಯಿತು. ಮಧ್ಯಾಹ್ನ ಎರಡರ ಮೇಲೆ ಗೋಡೆಯ ನೆರಳು ಬೀಳುತ್ತದೆ.

ಹೂವಿನ ಒಳಗೆ

ನಾಲ್ಕನೇ ವರ್ಷ ಹೂ ಬಂತು. ಕೊಂಬೆಯ ತುದಿಯಲ್ಲಷ್ಟೇ ಅಲ್ಲ, ದಪ್ಪ ಕಾಂಡದ ಮೈಯಲ್ಲೂ ಮೊಗ್ಗು. ನಮ್ಮ ಹಲಸಿಗೆ ಕಾಯಿ ಬರುತ್ತದಲ್ಲ, ಹಾಗೆ. ಬಂದದ್ದೆಲ್ಲ ಉದುರಿತು. ಮುಂದಿನ ವರ್ಷವೂ ಉದುರಿತು. ಕಾಕಾ ಗಂಡು ಗಿಡ ಅಂದದ್ದು ಆಗಲೇ. ಪಪ್ಪಾಯಿಯಲ್ಲಿ ಗಂಡು ಗಿಡ, ಹೆಣ್ಣು ಗಿಡ ನೋಡಿದವರು ಹಾಗೆ ಅಂದುಕೊಳ್ಳುವುದು ಸಹಜ. ಕಾಂಡಕ್ಕೆ ಮೊಳೆ ಹೊಡೆ ಅಂದವರೂ ಇದ್ದರು. ಹೊಡೆಯಲಿಲ್ಲ.

ಒಂದು ದಿನ ಹೂ ಒಂದನ್ನು ಕಿತ್ತು ಅಡುಗೆಮನೆಯ ಕಟ್ಟೆಯ ಮೇಲೆ ಬಿಡಿಸಿದೆ. ಹೊರಗೆ ಮೂರು ಎಸಳು. ಹಳದಿ ಕೂಡಿದ ಹಸಿರು, ಚಪ್ಪಲಿಯ ತೊಗಲಿನಷ್ಟು ದಪ್ಪ. ಒಳಗೆ ಇನ್ನೂ ಮೂರು, ಅವು ತೆಳು. ಅವನ್ನೂ ಸರಿಸಿದರೆ ನಡುವೆ ಒಂದು ಗುಂಡನೆಯ ಗುಬುಟು. ಗುಬುಟಿನ ತುದಿಯಲ್ಲಿ ಒತ್ತೊತ್ತಾಗಿ ಹೆಣ್ಣು ಭಾಗಗಳು. ಸುತ್ತ ಕೆಳಗೆ ಅಕ್ಕಿನುಚ್ಚು ಜೋಡಿಸಿದ ಹಾಗೆ ನೂರಾರು ಕೇಸರಗಳು. ಅಂದ್ರೆ ಗಂಡು ಹೆಣ್ಣು ಎರಡೂ ಒಂದೇ ಹೂವಿನಲ್ಲಿವೆ. ಇದು ಗಂಡು ಗಿಡ ಅಲ್ಲವೇ ಅಲ್ಲ.

ತೊಡಕು ಬೇರೆಯದು. ಎರಡೂ ಇದ್ದರೂ ಒಂದೇ ಹೊತ್ತಿಗೆ ತಯಾರಾಗುವುದಿಲ್ಲ. ಎಸಳು ಸ್ವಲ್ಪ ಸಡಿಲವಾದಾಗ ಮೊದಲು ಹೆಣ್ಣು ಭಾಗ ಒದ್ದೆಯಾಗಿ, ಅಂಟಂಟಾಗಿ ಹೊಳೆಯುತ್ತದೆ. ಆಗ ಕೇಸರ ಇನ್ನೂ ಗಟ್ಟಿ, ಪರಾಗ ಬಿಟ್ಟಿರುವುದಿಲ್ಲ. ಪರಾಗ ಬಿಡುವ ಹೊತ್ತಿಗೆ ಅಂಟು ಒಣಗಿರುತ್ತದೆ, ಎಸಳು ಉದುರಲು ಶುರುವಾಗಿರುತ್ತದೆ. ಹಾಗಾಗಿ ಒಂದು ಹೂವಿನ ಪರಾಗ ಇನ್ನೊಂದು ಹೂವಿಗೆ ಹೋಗಬೇಕು. ಇದರ ತವರಿನಲ್ಲಿ ಆ ಕೆಲಸ ಮಾಡುವುದು ಸಣ್ಣ ಸಣ್ಣ ದುಂಬಿಗಳು. ವಾಸನೆ ಹಿಡಿದು ದಪ್ಪ ಎಸಳಿನ ಸಂದಿಯಲ್ಲಿ ನುಗ್ಗುತ್ತವೆ. ಜೇನುಹುಳಕ್ಕೆ ಈ ಹೂವಿನಲ್ಲಿ ಕೆಲಸ ಇಲ್ಲ. ನಮ್ಮ ಫರಸಿ ಹಾಕಿದ, ದಿನಾ ಗುಡಿಸುವ ಅಂಗಳದಲ್ಲಿ ನಾನು ಎಷ್ಟು ಹೂ ಬಿಡಿಸಿ ನೋಡಿದರೂ ಒಂದೂ ದುಂಬಿ ಕಾಣಲಿಲ್ಲ. ಏಪ್ರಿಲ್‌ನ ಹೂವಾದರೆ ಒಣ ಗಾಳಿಗೆ ಆ ಅಂಟು ಬೇಗನೆ ಆರಿಹೋಗುತ್ತಿತ್ತು.

ದುಂಬಿಯ ಕೆಲಸ ನಾವೇ ಮಾಡಿದೆವು. ಮಳೆ ಹಿಡಿದ ಮೇಲೆ, ಜುಲೈ ಕೊನೆಯಲ್ಲಿ. ಸಂಜೆ, ಎಸಳು ಚೆನ್ನಾಗಿ ಬಿಚ್ಚಿ ಉದುರುವುದರಲ್ಲಿದ್ದ ನಾಲ್ಕು ಹೂ ಕಿತ್ತು, ಕಾಗದ ಹಾಸಿದ ಸ್ಟೀಲ್ ತಟ್ಟೆಯಲ್ಲಿ ಇಟ್ಟೆ. ಬೆಳಿಗ್ಗೆ ಕೇಸರಗಳು ಕಂದು ಬಣ್ಣಕ್ಕೆ ತಿರುಗಿ ಕಾಗದದ ಮೇಲೆ ಉದುರಿದ್ದವು. ಅದರ ಜೊತೆ ಕೆನೆ ಬಣ್ಣದ ಪುಡಿ. ಮಗಳ ಚಿತ್ರ ಬರೆಯುವ ಬ್ರಶ್ ತಗೊಂಡು ಆ ಪುಡಿಯಲ್ಲಿ ಹೊರಳಿಸಿದೆ. ಏಳು ಗಂಟೆಗೆ ಗಿಡದ ಹತ್ತಿರ ಹೋಗಿ, ಎಸಳು ಈಗಷ್ಟೇ ಸಡಿಲವಾದ ಹೂ ಹುಡುಕಿ, ಎರಡು ಬೆರಳಿನಿಂದ ಎಸಳು ಅಗಲಿಸಿ, ಹೊಳೆಯುವ ಗುಬುಟಿನ ತುದಿಗೆ ಬ್ರಶ್ ಸುತ್ತಿಸಿದೆ. ಒಂದು ಹೂವಿಗೆ ಅರ್ಧ ನಿಮಿಷ. ಮುಗಿದ ಹೂವಿನ ತೊಟ್ಟಿಗೆ ಮಗಳು ಕೆಂಪು ದಾರ ಕಟ್ಟಿದಳು. ಹತ್ತು ದಿನದಲ್ಲಿ 19 ದಾರ.

ಒಂದು ವಾರಕ್ಕೆ ಎಸಳೆಲ್ಲ ಉದುರಿದವು. 12 ಹೂ ತೊಟ್ಟು ಸಮೇತ ಬಿದ್ದವು. ಏಳು ನಿಂತವು. ಬೆರಳ ತುದಿಯಷ್ಟು ಕಪ್ಪು ಹಸಿರು ಗುಬುಟು, ಮೈಯೆಲ್ಲ ಗರಗಸ. ಆಮೇಲೆ ತಿಂಗಳಾದರೂ ಅಷ್ಟೇ ಇದ್ದವು. ಅದೂ ಹುಸಿ ಅಂದುಕೊಂಡೆವು. ಆದರೆ ಈ ಜಾತಿಯ ಸ್ವಭಾವವೇ ಅದು. ಪುಟ್ಟ ಕಾಯಿ ಎಷ್ಟೋ ವಾರ ಸುಮ್ಮನಿದ್ದು ಆಮೇಲೆ ಒಮ್ಮೆಲೇ ಬೆಳೆಯುತ್ತದೆ. ದಸರಾ ಹೊತ್ತಿಗೆ ನಿಂಬೆಯಷ್ಟಾಗಿದ್ದದ್ದು ದೀಪಾವಳಿಗೆ ಮಾವಿನಕಾಯಿಯಷ್ಟಾಯಿತು.

ಏಳರಲ್ಲಿ ಎರಡು ಹಿಟ್ಟು ತಿಗಣೆಗೆ ಹೋದವು. ಇರುವೆ ಸಾಲು ಕಾಂಡ ಹತ್ತುವುದು ಕಂಡಾಗಲೇ ಎಚ್ಚರಾಗಬೇಕಿತ್ತು, ತಿಗಣೆಯನ್ನು ಸಾಕುವುದೇ ಇರುವೆ. ಬೇವಿನ ಎಣ್ಣೆಗೆ ಚೂರು ಸೋಪಿನ ನೀರು ಸೇರಿಸಿ ಸಿಂಪಡಿಸಿದ ಮೇಲೆ ಉಳಿದವು ಬದುಕಿದವು. ಗಾಳಿಗೆ ಎರಡು ಉದುರಿದವು. ಕೊನೆಗೆ ಉಳಿದದ್ದು ಮೂರು.

ಆ ಮೂರರಲ್ಲಿ ಒಂದು ಸೊಟ್ಟ. ಒಂದು ಬದಿ ಉಬ್ಬಿ, ಇನ್ನೊಂದು ಬದಿ ಒಳಗೆ ಸರಿದು ಗೋಡಂಬಿಯ ಹಾಗೆ ಬಾಗಿತ್ತು. ರೋಗ ಅಲ್ಲ. ಈ ಹಣ್ಣು ಅಂದ್ರೆ ಹತ್ತಾರು ಸಣ್ಣ ಭಾಗ ಸೇರಿ ಆದದ್ದು. ಪರಾಗ ತಾಗಿದ ಭಾಗ ಉಬ್ಬುತ್ತದೆ, ತಾಗದ ಭಾಗ ಹಾಗೇ ಉಳಿಯುತ್ತದೆ. ನನ್ನ ಬ್ರಶ್ ಆ ಹೂವಿನ ಒಂದೇ ಬದಿಗೆ ತಾಗಿತ್ತು ಅನ್ನುವುದಕ್ಕೆ ಅದೇ ಗುರುತು.

ಕೀಳುವ ಹೊತ್ತು

ಸೀತಾಫಲ ಕಣ್ಣು ಬಿಟ್ಟಾಗ, ಅಂದ್ರೆ ಮೈಮೇಲಿನ ಉಬ್ಬುಗಳ ಸಂದು ಅಗಲವಾದಾಗ, ಕೀಳಬೇಕು ಅನ್ನುವುದು ನಮ್ಮ ಕಡೆ ಮಕ್ಕಳಿಗೂ ಗೊತ್ತು. ಇದಕ್ಕೆ ಕಣ್ಣಿಲ್ಲ, ಮುಳ್ಳಿದೆ. ಗಿಡದಲ್ಲೇ ಹಣ್ಣಾಗಲಿ ಅಂತ ಕಾದೆವು. ಎಳ್ಳ ಅಮವಾಸ್ಯೆಯ ದಿನ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ರೊಟ್ಟಿ ಉಂಡು ಸಂಜೆ ಮನೆಗೆ ಬಂದರೆ, ಎಲ್ಲಕ್ಕಿಂತ ದೊಡ್ಡ ಹಣ್ಣು ಫರಸಿಯ ಮೇಲೆ ಬಿದ್ದು ಒಡೆದಿತ್ತು. ಇರುವೆ ಮುತ್ತಿದ್ದವು. ಅವ್ವ ಅದರ ಹತ್ತಿರ ಕೂತು ಬೀಜ ಆರಿಸಿದಳು. ಅವತ್ತು ನನಗಾದ ಹೊಟ್ಟೆಯುರಿ ಇನ್ನೂ ಮರೆತಿಲ್ಲ.

ಇದನ್ನು ಮೆತ್ತಗಾಗುವ ಮೊದಲೇ ಕೀಳಬೇಕು. ಕಾಯಿ ಬಲಿತಾಗ ಕಡು ಹಸಿರು ಹೋಗಿ ತಿಳಿ ಹಸಿರಾಗುತ್ತದೆ, ಚೂರು ಹಳದಿ ಛಾಯೆ ಬರುತ್ತದೆ. ಮುಳ್ಳು ಮುಳ್ಳಿನ ನಡುವಿನ ಅಂತರ ಅಗಲವಾಗುತ್ತದೆ, ಮುಳ್ಳು ಮೆತ್ತಗಾಗಿ ಬೆರಳಿಗೆ ಬಾಗುತ್ತದೆ. ಕೈಯಲ್ಲಿ ಹಿಡಿದರೆ ಇನ್ನೂ ಗಟ್ಟಿ. ಆಗ ತೊಟ್ಟು ಸಮೇತ ಕತ್ತರಿಸಬೇಕು. ಎರಡನೇ ಹಣ್ಣನ್ನು ಸಂಕ್ರಾಂತಿ ಮುಗಿದ ಮೇಲೆ ಹಾಗೆ ಕತ್ತರಿಸಿ ಜೋಳದ ಚೀಲದ ಪಕ್ಕ ಇಟ್ಟೆವು. ನಾಲ್ಕನೇ ದಿನ ಮೆತ್ತಗಾಯಿತು. ತೂಕ ಒಂದು ಕಿಲೋಗೆ ಸ್ವಲ್ಪ ಕಮ್ಮಿ. ಒಳ್ಳೆಯ ಹವೆಯಲ್ಲಿ ಈ ಹಣ್ಣು ನಾಲ್ಕು ಕಿಲೋ ಮೀರಿಯೂ ಬೆಳೆಯುತ್ತದೆ. ಕಲಬುರಗಿಯ ಅಂಗಳಕ್ಕೆ ನಮ್ಮದು ಸಣ್ಣದೇನಲ್ಲ. ಮೆತ್ತಗಾದ ಮೇಲೆ ಒಂದು ದಿನ ತಡ ಮಾಡಿದರೂ ಹುಳಿ ಹಿಡಿಯುತ್ತದೆ, ಸಿಪ್ಪೆ ಕಪ್ಪಾಗುತ್ತದೆ.

ತಿಂದದ್ದು

ಚಾಕು ಬೇಕಾಗಲಿಲ್ಲ. ಸಿಪ್ಪೆ ಕೈಯಲ್ಲೇ ಸುಲಿಯಿತು. ಒಳಗೆ ಬಿಡಿಸಿದ ಹತ್ತಿಯಂಥ ಬಿಳಿ ತಿರುಳು, ನಡುವೆ ಕಪ್ಪು ಬೀಜ. ಸೀತಾಫಲದ ಹಾಗೆ ಮರಳು ಮರಳಾಗಿಲ್ಲ, ನಾರು ನಾರು. ಸೀತಾಫಲದ ಸಿಹಿಗೆ ಅನಾನಸಿನ ಹುಳಿ ಕೂಡಿಸಿದರೆ ಹೇಗೋ, ಹಾಗಿತ್ತು ರುಚಿ. ಅವ್ವ ಒಂದು ತೊಳೆ ಬಾಯಿಗಿಟ್ಟು ಬಹಳ ಹೊತ್ತು ಚೀಪಿದಳು. "ಇದ ರುಚಿ ಅದ. ಅವಳು ತಿಂದಿದ್ದು ಇದ," ಅಂದಳು.

ಉಳಿದದ್ದನ್ನು ಸೀಕರಣಿ ಮಾಡಿದಳು. ಬಾಳೆಹಣ್ಣಿಗೆ, ಮಾವಿಗೆ ಮಾಡುವ ಹಾಗೆಯೇ. ಮೊದಲು ಬೀಜ ಒಂದೊಂದಾಗಿ ಆರಿಸಿ ತೆಗೆಯಬೇಕು. ತಿರುಳನ್ನು ಜರಡಿಯ ಮೇಲೆ ಕೈಯಿಂದ ಉಜ್ಜಿ ನಾರು ಬೇರೆ ಮಾಡಬೇಕು. ತಣ್ಣನೆಯ ಹಾಲು, ಸ್ವಲ್ಪ ಸಕ್ಕರೆ, ಚಿಟಿಕೆ ಏಲಕ್ಕಿ. ಬಿಸಿ ಚಪಾತಿ ಜೊತೆ ಅವತ್ತಿನ ಊಟ ಅದೇ.

ಬೀಜ ಸಮೇತ ಮಿಕ್ಸಿಗೆ ಹಾಕಲೇಬೇಡಿ. ಸೀತಾಫಲದ ಬೀಜ ಅರೆದು ಹೇನಿಗೆ ಹಚ್ಚುವುದು ನಮ್ಮ ಹಿರಿಯರಿಗೆ ಗೊತ್ತಿತ್ತು. ಕಣ್ಣಿಗೆ ಹೋದರೆ ಎಷ್ಟು ಉರಿ ಅನ್ನುವುದೂ ಗೊತ್ತಿತ್ತು. ಇದೂ ಅದೇ ಕುಲ, ಬೀಜದಲ್ಲಿ ಅದೇ ಬಗೆಯ ವಿಷ. ತಿರುಳಿನ ಮಾತು ಬೇರೆ. 100 ಗ್ರಾಂ ತಿರುಳಿನಲ್ಲಿ ಸುಮಾರು 20 ಮಿಲಿಗ್ರಾಂ ಸಿ ಜೀವಸತ್ವ, 3 ಗ್ರಾಂ ನಾರು ಇದೆ. ಸಕ್ಕರೆ ಅಂಶವೂ ಇದೆ. ಸಕ್ಕರೆ ಕಾಯಿಲೆ ಇರುವವರು ಒಂದೆರಡು ತೊಳೆಗೆ ನಿಲ್ಲಿಸಬೇಕು.

ಎಲೆಯ ಕಷಾಯ

ಇನ್ನೊಂದು ತಾಪತ್ರಯ ಅಂದೆನಲ್ಲ, ಅದು ಇದು. ಗಿಡ ಎತ್ತರವಾದ ಹಾಗೆ ಎಲೆ ಕೇಳುವವರು ಬರತೊಡಗಿದರು. ಕ್ಯಾನ್ಸರಿಗೆ, ಸಕ್ಕರೆ ಕಾಯಿಲೆಗೆ, ಮೊಣಕಾಲಿಗೆ. ಎಲ್ಲರೂ ಕುಡಿಯುವುದು ನೋಡಿ ಅವ್ವನೂ ದಿನಾ ಬೆಳಿಗ್ಗೆ ಐದು ಎಲೆ ಕುದಿಸಿ ಕುಡಿಯತೊಡಗಿದಳು. ಬಿಪಿ ಮಾತ್ರೆ ಮೊದಲಿನಿಂದ ಇದ್ದೇ ಇತ್ತು. ಮೂರು ವಾರಕ್ಕೆ ರೊಟ್ಟಿ ಬಡಿದು ಮೇಲೆ ಏಳುವಾಗ ತಲೆ ತಿರುಗಿ ಗೋಡೆ ಹಿಡಿದಳು. ದವಾಖಾನೆಯಲ್ಲಿ ನೋಡಿದರೆ ಬಿಪಿ 96/60. ಮಾತ್ರೆ ಬಿಟ್ಟು ಬೇರೆ ಏನು ತಗೋತೀರಿ ಅಂತ ಡಾಕ್ಟರ್ ಕೇಳಿದರು. ಕಷಾಯ ನಿಲ್ಲಿಸಿ ಅಂದರು. ಹತ್ತು ದಿನಕ್ಕೆ ಸರಿಹೋಯಿತು. ಎಲೆಯೊಂದೇ ಕಾರಣ ಅಂತ ಡಾಕ್ಟರೂ ಹೇಳಲಿಲ್ಲ, ನಾನೂ ಹೇಳುವುದಿಲ್ಲ. ಆದರೆ ಪ್ರಾಣಿಗಳ ಮೇಲಿನ ಪರೀಕ್ಷೆಗಳಲ್ಲಿ ಈ ಎಲೆಯ ಸಾರ ಬಿಪಿಯನ್ನೂ ಸಕ್ಕರೆಯನ್ನೂ ಇಳಿಸಿದ್ದು ಕಂಡಿದೆ. ಅದೇ ಕೆಲಸದ ಮಾತ್ರೆಯ ಜೊತೆ ಇದನ್ನು ಕುಡಿಯುವುದು ಅಪಾಯ.

ಕ್ಯಾನ್ಸರಿನ ಮಾತೂ ಹಾಗೇ. ಗಾಜಿನ ತಟ್ಟೆಯಲ್ಲಿ ಬೆಳೆಸಿದ ಕ್ಯಾನ್ಸರ್ ಕೋಶಗಳನ್ನು ಎಲೆಯ ಸಾರ ಕೊಂದಿದೆ. ಅದು ನಿಜ. ಮನುಷ್ಯನ ಕ್ಯಾನ್ಸರ್ ಗುಣವಾಗುತ್ತದೆ ಅಂತ ಯಾವ ಸರಿಯಾದ ಪರೀಕ್ಷೆಯೂ ತೋರಿಸಿಲ್ಲ. ಕೆರಿಬಿಯನ್ ಸಮುದ್ರದ ಗ್ವಾಡೆಲೂಪ್ ದ್ವೀಪದಲ್ಲಿ ಜನ ಈ ಕುಲದ ಹಣ್ಣನ್ನೂ ಎಲೆಯ ಕಷಾಯವನ್ನೂ ರೂಢಿಯಾಗಿ ತಗೊಳ್ಳುತ್ತಾರೆ. ಅಲ್ಲಿ ಪಾರ್ಕಿನ್ಸನ್‌ನಂಥ, ಆದರೆ ಅದರ ಮಾಮೂಲು ಔಷಧಿಗೆ ಬಗ್ಗದ ನರರೋಗ ಜಾಸ್ತಿ ಇರುವುದನ್ನು 1999ರಲ್ಲಿ ವೈದ್ಯರು ವರದಿ ಮಾಡಿದರು. ಈ ಗಿಡದಲ್ಲಿರುವ ಅನೋನಾಸಿನ್ ಎಂಬ ವಸ್ತು ನರಕೋಶಕ್ಕೆ ಕೇಡು ಮಾಡುವುದು ಪ್ರಯೋಗಾಲಯದಲ್ಲಿ ಕಂಡಿದೆ. ಆ ರೋಗಕ್ಕೆ ಇದೇ ಕಾರಣ ಅಂತ ಪೂರ್ತಿ ಸಾಬೀತಾಗಿಲ್ಲ. ನಾವಂತೂ ಸೀಸನ್ನಿನಲ್ಲಿ ಒಂದೆರಡು ಹಣ್ಣು ಹಂಚಿಕೊಂಡು ತಿನ್ನುತ್ತೇವೆ. ದಿನಾ ತಿನ್ನುವುದಿಲ್ಲ, ಎಲೆಯನ್ನು ಮುಟ್ಟುವುದಿಲ್ಲ.

ಈಗ

ಗಿಡವನ್ನು ಒಂಬತ್ತು ಅಡಿಗೆ ಕತ್ತರಿಸಿ ನಿಲ್ಲಿಸಿದ್ದೇವೆ, ಕೈಗೆ ಹೂ ಎಟುಕಬೇಕಲ್ವಾ. ಎರಡನೇ ಮಳೆಗಾಲ ಬ್ರಶ್ಶನ್ನು ಹೂವಿನ ಸುತ್ತ ಸರಿಯಾಗಿ ತಿರುಗಿಸಿದೆ, 11 ಕಾಯಿ ನಿಂತವು, ಎಂಟು ಹಣ್ಣಾದವು. ಸೊಟ್ಟ ಕಾಯಿ ಒಂದೇ ಒಂದು. ಬಲಿಯುವ ಕಾಯಿಗೆ ಹಳೆಯ ಅಂಗಿಯ ತೋಳು ಚೀಲದ ಹಾಗೆ ಕಟ್ಟುತ್ತೇವೆ. ಇರುವೆಗೂ ತಡೆ, ಬಿದ್ದರೂ ಚೀಲದಲ್ಲೇ ಇರುತ್ತದೆ. ಗಂಡು ಗಿಡ ಅಂದಿದ್ದ ಕಾಕಾನ ಮನೆಗೆ ಮೊದಲ ಹಣ್ಣು ಹೋಯಿತು. ಅವರೇ ಈಗ ಬೆಳಿಗ್ಗೆ ಬಂದು ಯಾವ ಹೂ ಬಿರಿದಿದೆ ಅಂತ ನೋಡಿ ಹೇಳುತ್ತಾರೆ.

ಹೋದ ತಿಂಗಳು ಹಿಂದಿನ ಓಣಿಯ ಹೆಣ್ಣುಮಗಳೊಬ್ಬಳು ಎಲೆ ಕೇಳಿಕೊಂಡು ಬಂದಳು. ಅವಳ ಯಜಮಾನರಿಗೆ ಕಿಮೋ ನಡೆದಿತ್ತು, ಎರಡು ದಿನದಿಂದ ಏನೂ ತಿಂದಿರಲಿಲ್ಲವಂತೆ. ಅವ್ವ ಒಳಗೆ ಹೋಗಿ ಹಣ್ಣಾದದ್ದನ್ನು ತಂದಳು. ಅರ್ಧ ಮಾಡಿ ಡಬ್ಬಿಗೆ ಹಾಕಿದಳು.

"ಎಲಿ ಬ್ಯಾಡವ್ವಾ. ಇದು ದವಾ ಅಲ್ಲ. ದವಾಖಾನಿ ತಪ್ಪಿಸಬ್ಯಾಡ, ಡಾಕ್ಟರಿಗೆ ಒಂದು ಮಾತು ಕೇಳಿ ಎರಡು ಚಮಚ ತಿನಿಸು. ಬಾಯಿಗೆ ರುಚಿ ಹತ್ತಿದ್ರ ಹತ್ತತದ."

ಆಮೇಲೆ ಡಬ್ಬಿಯನ್ನು ಮತ್ತೆ ತೆಗೆದು, ಕಟ್ಟೆಯ ಮೇಲೆ ಕೂತು, ಬೀಜ ಒಂದೂ ಉಳಿಯದಂತೆ ಆರಿಸಿ ಕೊಟ್ಟಳು.